ಟಿಕೆಟಿನ ಅಂಚು

ಕಿರ್ರ್ ಎಂದು ಇಸಿಜಿ ಕಾಗದ ಹೊರಬರುವ ಸದ್ದು ಇನ್ನೂ ಕಿವಿಯಲ್ಲಿದೆ. ಭಾಲ್ಕಿಯ ಆಸ್ಪತ್ರೆಯ ಆ ಸಿಸ್ಟರ್ ತನ್ನ ಬಸ್ ಟಿಕೆಟಿನ ಅಂಚಿನ ಮೇಲೆ, ಗೆರೆಯ ಎರಡು ಚೂಪು ಏರುಗಳ ನಡುವಿನ ದೂರವನ್ನು ಪೆನ್ಸಿಲ್‌ನಿಂದ ಗುರುತಿಸಿ, ಕಾಗದದುದ್ದಕ್ಕೂ ಸರಿಸುತ್ತಿದ್ದಳು. ಮೂರು ತಿಂಗಳಿಂದ ನಮ್ಮ ಯಜಮಾನರ ಹೃದಯ ತಾಳ ತಪ್ಪಿತ್ತು. ಗುರುತು ಮುಂದಿನ ಏರುಗಳಿಗೆ ಕೂಡುತ್ತಲೇ ಇರಲಿಲ್ಲ.

"ಘಾಬರಿ ಆಗಬ್ಯಾಡ್ರಿ, ಪೂರಾ ನೋಡೂಣು." ಪ್ರತಿ ಸಲವೂ ಆಕೆಯದು ಅದೇ ಮಾತು.

ಒಂದು ಸೋಮವಾರ ಗುರುತು ಕೂಡಿತು. ಮತ್ತೆ ಕೂಡಿತು. ಕೊನೆಯವರೆಗೂ ಕೂಡಿತು!

"ಮೇಡಂ, ಪ್ರತಿ ಚೂಪು ಗುಡ್ಡಕ್ಕಿಂತ ಮೊದಲ, ಇಷ್ಟು ದಿನ ಇರಲಾರದ ಸಣ್ಣ ದಿಬ್ಬಾನೂ ಬಂದದ ನೋಡ್ರಿ. ನಾರ್ಮಲ್ ಅದರಿ!"

"ಹಂಗಾರ ಇವತ್ತು ಚಹಾ ನಂದು," ಎಂದು ಯಜಮಾನರು ಎದ್ದೇಬಿಟ್ಟರು.

"ಮೊದಲ ಅಂಗಿ ಹಾಕ್ಕೋರಿ ಕಾಕಾ!"

ಚಿಕ್ಕಂದಿನಲ್ಲಿ ಕಾನ್ವೆಂಟಿನಲ್ಲಿ ಕಲಿತು, ಅಲ್ಲಿಯವರೆಗೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ ಪ್ರೇಯರ್‌ಗಳೆಲ್ಲ ಮರೆತು ನಾನು ಚಪ್ಪಾಳೆ ತಟ್ಟಿದೆ.

ಆಕೆ ರಿಟೈರ್ ಆದ ಮೇಲೆ ಕೊನೆಯ ಸಲ ಕಂಡದ್ದು ಬೀದರ ಬಸ್ ಸ್ಟ್ಯಾಂಡಿನಲ್ಲಿ. ಹೊರಟ ಸಂತಪುರ ಬಸ್ಸಿನ ಕಿಟಕಿಯಿಂದ ಟಿಕೆಟ್ ಎತ್ತಿ ಹಿಡಿದು, ತಾಳ ಹೆಂಗದ ಎಂಬಂತೆ ಯಜಮಾನರತ್ತ ಹುಬ್ಬೇರಿಸಿದಳು. ಅವರು ಎದೆ ತಟ್ಟಿ ತೋರಿಸಿದರು.