ಸೈಕಲ್ ಕಲಿಸಿದ ದುರ್ಗಪ್ಪ ಮಾಸ್ತರರು

ಊರ ಅಗಸಿ ಬಾಗಿಲು ಕಂಡ ಕೂಡಲೇ ದುರ್ಗಪ್ಪ ಮಾಸ್ತರರು ಸೈಕಲ್ಲಿನಿಂದ ಇಳಿಯುತ್ತಿದ್ದರು. ಕಾಲಿನ ಚಪ್ಪಲಿ ಬಿಚ್ಚಿ ಹ್ಯಾಂಡಲಿಗೆ ಸಿಕ್ಕಿಸಿ, ಕೊರಳವರೆಗೆ ಗುಂಡಿ ಹಾಕಿದ ಕೋಟಿನಲ್ಲಿ, ಸೈಕಲ್ ತಳ್ಳಿಕೊಂಡು ಊರು ದಾಟುತ್ತಿದ್ದರು. ಊರಿನ ಆಚೆ ತುದಿಯಲ್ಲಿ, ಊರವರು ಮುಟ್ಟಿಸಿಕೊಳ್ಳದ ಜನರ ಕೇರಿಯಲ್ಲಿ ಅವರ ಶಾಲೆ. ಅವರೂ ಅದೇ ಜಾತಿಯವರು. ಸವಣೂರಿನಿಂದ ಆರು ಮೈಲು ಅಷ್ಟು ಚೆಂದವಾಗಿ ಸೈಕಲ್ ಹೊಡೆದುಕೊಂಡು ಬಂದವರು ಊರೊಳಗಿನ ಹಾದಿಯನ್ನು ಮಾತ್ರ ಬರಿಗಾಲಲ್ಲಿ ನಡೆಯುತ್ತಿದ್ದರು.

ನಾನು ಆ ಊರಿನ ದೊಡ್ಡ ಶಾಲೆಗೆ ಮಾಸ್ತರನಾಗಿ ಬಂದದ್ದು ಎರಡನೆಯ ಮಹಾಯುದ್ಧಕ್ಕೆ ಎರಡು ಮೂರು ವರ್ಷ ಮೊದಲು. ಊರು ಹತ್ತಿಮತ್ತೂರಿನ ಆಸುಪಾಸಿನದು, ಹೆಸರು ಬೇಡ. ಹಾನಗಲ್ಲಿನವನಾದ ನಾನು ಸವಣೂರಿನಲ್ಲಿ ಕೋಣೆ ಹಿಡಿದು ಒಬ್ಬನೇ ಇದ್ದೆ. ನಡೆದೇ ಹೋಗುವುದು, ನಡೆದೇ ಬರುವುದು. ಕೋಣೆಗೆ ಬಂದರೆ ಮಾತಾಡಿಸಲು ಯಾರೂ ಇಲ್ಲ. ದುರ್ಗಪ್ಪ ಮಾಸ್ತರರು ದಿನವೂ ಹಾದಿಯಲ್ಲಿ ನನ್ನನ್ನು ದಾಟುತ್ತಿದ್ದರು. ದಾಟುವ ಮುಂಚೆ ಇಳಿದು, ನಮಸ್ಕರಿಸಿ, ಹತ್ತು ಹೆಜ್ಜೆ ಮುಂದೆ ನಡೆದ ಮೇಲೆಯೇ ಮತ್ತೆ ಏರುವವರು. ಒಂದು ದಿನ ನಾನೇ ಅವರನ್ನು ನಿಲ್ಲಿಸಿದೆ.

"ಮಾಸ್ತರ, ನನಗೂ ಸೈಕಲ್ ಕಲಸ್ರಿ. ಕಾಲು ಸೋತಾವು."

ಅವರು ಹಾದಿಯ ಹಿಂದೆ ಮುಂದೆ ನೋಡಿದರು. "ಕಲಸ್ತೇನ್ರಿ. ಆದ್ರ ಊರ ಕಣ್ಣಿಗೆ ಬೀಳದಂಥಾ ಜಾಗಾದಾಗ."

ಶಿಗ್ಗಾಂವಿಗೆ ಹೋಗಿ ಹಳೆಯದೊಂದು ಸೈಕಲ್ ತಂದೆ. ರವಿವಾರ ಬೆಳಿಗ್ಗೆ ಸವಣೂರಿನ ಹೊರಗಿನ ಬಯಲಿನಲ್ಲಿ ಕಲಿಕೆ. ಮೊದಲ ದಿನವೇ ಎತ್ತಿನ ಚಕ್ಕಡಿಯ ಜಾಡಿನಲ್ಲಿ ಗಾಲಿ ಸಿಕ್ಕು ಬಿದ್ದೆ. ಕಾಲ ಮೇಲೆ ಸೈಕಲ್, ಏಳಲು ಬರುತ್ತಿಲ್ಲ. ಓಡಿ ಬಂದ ಮಾಸ್ತರರು ಎರಡು ಮಾರು ದೂರದಲ್ಲಿ ಗಕ್ಕನೆ ನಿಂತರು. ಕೈ ಮುಂದೆ ಬಂದಿತ್ತು, ಅಲ್ಲೇ ತಡೆದಿತ್ತು.

"ಹಿಡೀಲೇನ್ರಿ?" ಎಂದು ಕೇಳಿದರು.

ಬಿದ್ದವನನ್ನು ಎಬ್ಬಿಸಲು ಅಪ್ಪಣೆ ಕೇಳಿದವರನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ. "ಹಿಡೀರಿ," ಎಂದೆ. ಅವರ ಕೈ ಬೆವೆತಿತ್ತು.

ಮಾತು ಕಡಿಮೆ, ಹೇಳಿದ್ದು ಮಾತ್ರ ಮರೆಯುವಂಥದಲ್ಲ. "ಗಾಲಿ ನೋಡಬ್ಯಾಡ್ರಿ, ಹೋಗೂ ಕಡೆ ನೋಡ್ರಿ. ಗಾಲಿ ತಾನ ಬರ್ತೈತಿ." ಗಾಳಿ ಎದುರಾದ ದಿನ ನಾನು ಏದುಸಿರು ಬಿಟ್ಟರೆ, "ಗಾಳಿ ಕೂಡ ಜಗಳಾಡಬ್ಯಾಡ್ರಿ. ಕಾಲು ತಾಸು ಮೊದಲ ಮನಿ ಬಿಡ್ರಿ, ಮುಗೀತು," ಎನ್ನುವರು. ಧೋತರದ ಅಂಚು ಸರಪಳಿಗೆ ಸಿಗದಂತೆ ಕಟ್ಟುವುದು, ಮಳೆಗಾಲದಲ್ಲಿ ಗಾಲಿಗೆ ಮೆತ್ತುವ ಎರೆಮಣ್ಣು ಕೆರೆಯಲು ಕಡ್ಡಿಯೊಂದನ್ನು ಜೊತೆಗೆ ಒಯ್ಯುವುದು, ಎಲ್ಲ ಅವರು ಕಲಿಸಿದ್ದೇ.

ಒಂದು ತಿಂಗಳಲ್ಲಿ ಇಬ್ಬರೂ ಕೂಡಿ ಹೋಗತೊಡಗಿದೆವು. ಏಳಕ್ಕೆ ಹೊರಡುವುದು. ಸಂಜೆ ಬರುವಾಗ ಹಾದಿಯ ಬೇವಿನ ಮರದ ಕೆಳಗೆ ಉಳಿದ ಬುತ್ತಿ ಬಿಚ್ಚುವುದು. ಮೊದಮೊದಲು ದೂರ ದೂರ ಕುಳಿತೆವು. ಆಮೇಲೆ ಅವರ ಶೇಂಗಾ ಚಟ್ನಿಪುಡಿ ನನ್ನ ರೊಟ್ಟಿಯ ಮೇಲೆ ಬಂತು. ಇಡೀ ದಿನದಲ್ಲಿ ನಾನು ಮನಸ್ಸು ಬಿಚ್ಚಿ ಆಡುತ್ತಿದ್ದ ಮಾತು ಅಲ್ಲಿನದೇ. ಅಗಸಿ ಬಂದಾಗ ಮಾತ್ರ ಅವರು ಇಳಿಯುವರು, ನಾನು ಏರಿಕೊಂಡೇ ಮುಂದೆ ಹೋಗುವೆನು. ಇಳಿಯಬೇಕೆಂದು ನನಗೆ ಹೊಳೆಯಲೇ ಇಲ್ಲ.

ವರ್ಷ ಕಳೆದಿರಬೇಕು. ಒಂದು ದಿನ ಊರ ಗೌಡರು ಕರೆಸಿದರು. ಚಹಾ ಕೊಟ್ಟು, ಮೆತ್ತಗೆ ಕೇಳಿದರು: "ಹಾದ್ಯಾಗ ಅವನ ಕೂಡ ಬುತ್ತಿ ಬಿಚ್ಚತೀರಂತ. ಖರೆ ಏನ್ರಿ ಮಾಸ್ತರ?"

"ಇಲ್ರಿ ಗೌಡ್ರ," ಎಂದೆ. "ಹಾದಿ ಒಂದ ಐತಿ, ಅದಕ್ಕ ಕೂಡಿ ಬರ್ತೇವಿ. ಅಷ್ಟ."

"ಹಂಗಾದ್ರ ಹೊತ್ತು ಬ್ಯಾರೆ ಮಾಡ್ಕೋರಿ."

ಮರುದಿನದಿಂದ ನಾನು ಆರಕ್ಕೆ ಮುಂಚೆ, ನಸುಕಿನಲ್ಲೇ ಹೊರಡತೊಡಗಿದೆ. ಸಂಜೆ ಹುಡುಗರ ಪಾಟಿಯ ಮೇಲಿನ ಬರಹ ತಿದ್ದುವ ನೆವದಲ್ಲಿ ತಡಮಾಡುತ್ತಿದ್ದೆ. ಮಾಸ್ತರರು ಒಂದು ದಿನವೂ ಕಾರಣ ಕೇಳಲಿಲ್ಲ. ಎಂದಾದರೂ ದೂರದಿಂದ ಕಂಡರೆ ಇಳಿದು ನಮಸ್ಕಾರ ಮಾಡುತ್ತಿದ್ದರು, ಮೊದಲಿನಂತೆಯೇ.

ಯುದ್ಧ ಶುರುವಾದ ಮೇಲೆ ಒಂದು ಸಂಜೆ ನನ್ನ ಕೋಣೆಯ ಮುಂದೆ ಬಂದು ನಿಂತರು. ಒಳಗೆ ಕರೆದೆ.

"ಇರಲ್ರಿ. ಮನಿ ಮಾಲಕರು ನೋಡಿದ್ರ ನಿಮಗ ತ್ರಾಸು. ಮಾಸೂರಿಗೆ ವರ್ಗ ಆತು, ಹೇಳಿ ಹೋಗೂಣು ಅಂತ ಬಂದೆ." ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡು ಅಂದರು: "ನಾಳಿಂದ ನೀವು ಏಳಕ್ಕ ಹೊಂಡ್ರಿ. ನಸಕಿನ್ಯಾಗ ಜಾಡು ಕಾಣೂದಿಲ್ಲ. ಬಿದ್ದಗಿದ್ದೀರಿ."

ಅವರು ಸೈಕಲ್ ತಿರುಗಿಸಿಕೊಂಡು ಹೋದರು. ಮರುದಿನ ಏಳಕ್ಕೆ ಹೊರಟೆ. ಆರು ಮೈಲಿನುದ್ದಕ್ಕೂ ನನ್ನ ಸರಪಳಿಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಹಾಗೆ ಇನ್ನೂ ಐದು ವರ್ಷ ಆ ಹಾದಿಯಲ್ಲಿ ತಿರುಗಾಡಿದೆ.

ಯುದ್ಧ ಮುಗಿದ ಮೇಲೆ ಕೆಲಸದ ನಿಮಿತ್ತ ಹಿರೇಕೆರೂರಿಗೆ ಹೋದವನು ಮಾಸೂರಿಗೂ ಹೋದೆ. ಕೇರಿಯಲ್ಲಿ ಕೇಳಿಕೊಂಡು ಅವರ ಮನೆ ಮುಟ್ಟಿದೆ. ಹೆಂಡತಿ ಹೊರಗೆ ಬಂದರು.

"ಅವರಿಲ್ರಿ. ಹ್ವಾದ ಮಳಿಗಾಲದಾಗ ಜ್ವರಾ ಬಂದು ತೀರ್ಕೊಂಡ್ರು. ನೀವು ಯಾರ್ರಿ?"

"ಸವಣೂರ ಕಡೆ ಮಾಸ್ತರಿದ್ದೆ. ಒಂದ ಊರಿಗೆ ಹೋಗ್ತಿದ್ದಿವಿ," ಎಂದೆ.

ಆಕೆ ನನ್ನನ್ನೇ ನೋಡಿದರು. "ಸೈಕಲ್ ಕಲಸಿದ್ರಲ್ಲ, ಆ ಮಾಸ್ತರೇನ್ರಿ? ನಿಮ್ಮ ಮಾತು ಬಾಳ ಹೇಳ್ತಿದ್ರು. 'ನನಗೂ ಅಲ್ಲಿ ಒಂದು ವರ್ಷ ಒಬ್ಬರು ಗೆಳ್ಯಾರಿದ್ರು' ಅಂತಿದ್ರು."

ಒಂದೇ ವರ್ಷ ಯಾಕೆ ಎಂಬುದನ್ನು ಅವರು ಮನೆಯಲ್ಲೂ ಹೇಳಿರಲಿಲ್ಲ ಎಂದು ಕಾಣುತ್ತದೆ. ಆಕೆ ಒಳಗೆ ಹೋಗಿ, ನಾನು ಕೂಡ್ರಲೆಂದು ಕಂಬಳಿ ತಂದು ಹಾಸಿದರು.