ಗುರುವಾರದ ವ್ಯಾನು

ನಮ್ಮೂರು ಉಮ್ಮಚಗಿ ದಾಟಿದ ಮೇಲಿನ ಆ ತಿರುವು ಈಗಲೂ ದಿನಕ್ಕೆ ನಾಲ್ಕಾರು ಸಲ ಕಣ್ಣೆದುರು ಬರುತ್ತದೆ, ಹೆಚ್ಚಾಗಿ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿರುವಾಗ. ಎದುರಿನಿಂದ ಲಾರಿ. ಟೆಂಪೋದ ಮುಂದಿನ ಸೀಟಿನಲ್ಲಿ ನಾನು. ಪಕ್ಕದಲ್ಲಿ ಭಾಯಿ, ಇಪ್ಪತ್ತು ವರ್ಷದಿಂದ ಯಲ್ಲಾಪುರ–ಶಿರಸಿ ನಡುವೆ ನಮ್ಮನ್ನೆಲ್ಲ ಹೊತ್ತು ತಿರುಗುವವರು, ಸ್ಟೇರಿಂಗಿನಿಂದ ಎರಡೂ ಕೈ ತೆಗೆದು ಎದೆ ಹಿಡಿದುಕೊಂಡಿದ್ದರು. ನಾನು ಕಿರುಚಿದೆ. ಬ್ರೇಕ್ ಬಿತ್ತು. ಮುಂದಿನ ಚಕ್ರ ಚರಂಡಿಯ ಅಂಚಿನಲ್ಲಿ ನಿಂತಿತು. ಹಿಂದೆ ಶಾಲೆಯ ಮಕ್ಕಳೂ ಇದ್ದರು, ಯಾರಿಗೂ ಗಾಯವಾಗಲಿಲ್ಲ.

ಶಿರಸಿಯಲ್ಲಿ ಇಸಿಜಿ ಮಾಡಿ, ಹೃದಯಕ್ಕೆ ಏನೂ ಆಗಿಲ್ಲ ಅಂದರು. ಹಾಗಾದರೆ ದೋಷ ಗಾಡಿಯದೇ ಎಂದು ಭಾಯಿ ಟೆಂಪೋವನ್ನು ಮೂರು ದಿನ ಗ್ಯಾರೇಜಿನಲ್ಲಿಟ್ಟರು.

"ಸ್ಟೇರಿಂಗ್ ಪೂರಾ ಬಿಚ್ಚಿಸಿದೆ ಅಕ್ಕೋರೆ. ಈಗ ಒಂದು ಬೆರಳಲ್ಲಿ ತಿರುಗ್ತದೆ."

ಕೈ ಬಿಟ್ಟದ್ದನ್ನು ಕಂಡವಳು ನಾನೊಬ್ಬಳೇ. ಅವರ ಅನ್ನಕ್ಕೆ ಕಲ್ಲು ಹಾಕಬಾರದೆಂದು ಸುಮ್ಮನಿದ್ದೆ. ಗಾಡಿ ಮತ್ತೆ ರಸ್ತೆಗಿಳಿದ ನಾಲ್ಕನೇ ದಿನ, ಅದೇ ತಿರುವಿನಲ್ಲಿ, ಅವರ ಉಸಿರು ಜೋರಾದದ್ದು ಕೇಳಿಸಿತು. ಶಿರಸಿಯಲ್ಲಿ ಎಲ್ಲರೂ ಇಳಿದ ಮೇಲೆ ಹೇಳಿಬಿಟ್ಟೆ:

"ಸ್ಟೇರಿಂಗ್ ಮೊದಲೂ ಚಲೋನೇ ಇತ್ತು ಭಾಯಿ. ನಿಮ್ಮ ಕೈ ಅದರ ಮೇಲೆ ಇರ್ಲಿಲ್ಲ."

ಅವರು ಬಟ್ಟೆ ತೆಗೆದು ಗಾಜು ಒರೆಸತೊಡಗಿದರು. "ಯಾರಿಗೆಲ್ಲ ಹೇಳಿದ್ರಿ?"

"ಯಾರಿಗೂ ಇಲ್ಲ. ಆದ್ರೆ ನಂಗೂ ನಿದ್ದೆ ಇಲ್ಲ. ಗುರುವಾರ ನಮ್ಮೂರಿಗೆ ಮನಸ್ಸಿನ ಡಾಕ್ಟರ ವ್ಯಾನು ಬರ್ತದಲ್ಲ, ನಾನು ಹೋಗ್ತೇನೆ. ನೀವೂ ಬನ್ನಿ."

ಆ ವ್ಯಾನು ಹದಿನೈದು ದಿನಕ್ಕೊಮ್ಮೆ ಬರುತ್ತದೆ. ಮೊದಲಾದರೆ ಇಂಥದ್ದಕ್ಕೆ ದೂರದ ದೊಡ್ಡ ಊರಿಗೇ ಹೋಗಬೇಕಿತ್ತು, ಯಾರೂ ಹೋಗುತ್ತಿರಲಿಲ್ಲ. ಭಾಯಿ ಬಂದರು, ವ್ಯಾನಿನ ಎದುರು ಹಾಕಿದ್ದ ಬೆಂಚಿನ ತುದಿಯಲ್ಲಿ ಕೂತರು. ನಿದ್ದೆಯ ಮಾತ್ರೆಗೆ ಬಂದಿದ್ದ ಅಜ್ಜಿಯೊಬ್ಬರು ಬಿಡಲಿಲ್ಲ.

"ಎಂತದಾ ಸಾಯ್ಬ, ನಿಂಗೂ ತಲೆ ಕೆಟ್ಟೋತಾ?"

"ದಿನಾ ನಿಮ್ಮನ್ನೆಲ್ಲ ಕೂರಿಸ್ಕಂಡು ಹೋದ್ರೆ ಇನ್ನೆಂತ ಆಗ್ತದೆ ಅಜ್ಜಿ?"

ಬೆಂಚಿಡೀ ನಕ್ಕಿತು. ಆ ನಗೆ ನಿಲ್ಲುವ ಮೊದಲೇ ಅವರು ಎದ್ದು ವ್ಯಾನು ಹತ್ತಿದರು.

ಅದು ಭಯದ ಕಾಯಿಲೆ, ವಾಸಿಯಾಗುತ್ತದೆ ಎಂದರಂತೆ ಡಾಕ್ಟರಮ್ಮ. ತಾನು ಹೇಳುವವರೆಗೆ ಗಾಡಿ ಓಡಿಸಕೂಡದು ಎಂದೂ ಹೇಳಿದರಂತೆ. ಭಾಯಿ ಕೀಲಿಕೈಯನ್ನು ಭಾವಮೈದುನನಿಗೆ ಕೊಟ್ಟು, ತನ್ನದೇ ಟೆಂಪೋದಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಕೂತು, ಶಿರಸಿಯವರೆಗೂ ಅವನು ಗೇರ್ ಬದಲಿಸಿದಾಗಲೆಲ್ಲ ಬೈದರು.

ಮೂರನೇ ಸಲ ವ್ಯಾನು ಬಂದ ದಿನ ನಾನು ಹೋಗುವುದರೊಳಗೆ ಅವರು ಬೆಂಚಿನಲ್ಲಿದ್ದರು.

"ಬೇಗ ಬರ್ಬೇಕು ಅಕ್ಕೋರೆ," ಎಂದರು, "ಪಾಳಿ ತಪ್ತದೆ."