ಗುಂಡಿ ಡಬ್ಬಿಯಲ್ಲಿ ಅಕ್ಕನ ಮಾತ್ರೆಗಳು

ಅಕ್ಕನ ಮಾತ್ರೆಗಳ ಹೆಸರನ್ನು ನಾನು ಓದಲಿಲ್ಲ, ಬಣ್ಣ ನೋಡಿದೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಇಂಗ್ಲಿಷ್ ಅಕ್ಷರ ಕೂಡಿಸುವುದು ತಡವಾಗುತ್ತದೆ, ನಿಜ. ಆದರೆ ಬರುವುದೇ ಇಲ್ಲ ಎಂದಲ್ಲ. ಓದಬಹುದಿತ್ತು.

ಮಂಡಿ ಮೊಹಲ್ಲಾದಲ್ಲಿ ಬ್ಲೌಸು ಹೊಲಿಯುವವನು ನಾನು. ಕಣ್ಣಿನ ಮೇಲೆ ಗರ್ವ ಜಾಸ್ತಿ. ಅರಿಶಿನದ ಹಳದಿ ಬೇರೆ, ಚೆಂಡುಹೂವಿನ ಹಳದಿ ಬೇರೆ ಎಂದು ಲೈಟು ಹಾಕದೆಯೇ ಹೇಳುತ್ತೇನೆ. ಹಾಗಾಗಿ ಅಕ್ಕನಿಗೆ ದಿನಕ್ಕೆ ಎಂಟು ಮಾತ್ರೆ ಎಂದು ಡಾಕ್ಟರು ಬರೆದಾಗ ಅಂಗಡಿಯ ಗುಂಡಿ ಡಬ್ಬಿಯನ್ನೇ ತೊಳೆದು ತಂದೆ. ಮಾತ್ರೆಗಳನ್ನೆಲ್ಲ ಶೀಟಿನಿಂದ ಬಿಡಿಸಿ, ಒಂದೊಂದು ಬಣ್ಣಕ್ಕೆ ಒಂದೊಂದು ಖಾನೆ ಮಾಡಿ ಸುರಿದೆ. ಮನೆಗೆ ಬಂದವರಿಗೆಲ್ಲ ತೋರಿಸಿ ಶಹಭಾಸ್ ಅನ್ನಿಸಿಕೊಂಡೆ. ಈಗ ಆ ಡಬ್ಬಿ ಕಂಡರೆ ಎತ್ತಿ ಒಗೆಯುವಷ್ಟು ಸಿಟ್ಟು.

ಮಾತ್ರೆ ಮಾಡುವವರ ಮೇಲೂ ಸಿಟ್ಟೇ. ಬಿಪಿಯ ಅದೇ ಔಷಧಿಯನ್ನು ಒಂದು ಕಂಪನಿ ಗುಲಾಬಿ ಮಾಡುತ್ತದೆ, ಇನ್ನೊಂದು ಬಿಳಿ ಮಾಡುತ್ತದೆ. ಯಾರನ್ನು ಕೇಳಿ? ಮೆಡಿಕಲ್ ಸ್ಟೋರಿನವನು ಒಂದು ಸಲ ಗುಲಾಬಿಯ ಬದಲು ಬಿಳಿಯದು ಕೊಟ್ಟ, ಬಾಯಿ ಬಿಟ್ಟು ಒಂದು ಮಾತು ಹೇಳಲಿಲ್ಲ. ನಾನು ಹೊಸ ಮಾತ್ರೆ ಸೇರಿಸಿದ್ದಾರೆ ಅಂದುಕೊಂಡು ಬಿಳಿಗೂ ಒಂದು ಖಾನೆ ಮಾಡಿದೆ. ಹಳೆಯ ಗುಲಾಬಿಯೂ ಮಿಕ್ಕಿತ್ತು. ಎರಡನ್ನೂ ಕೊಟ್ಟೆ. ಒಂದೇ ಮಿಲ್ಲಿನ ಬಟ್ಟೆ ಎರಡು ಹೆಸರಲ್ಲಿ ಬರುವುದನ್ನು ಮೂವತ್ತು ವರ್ಷದಿಂದ ನೋಡಿದವನಿಗೆ ಅಷ್ಟು ಹೊಳೆಯಲಿಲ್ಲ.

ಅಕ್ಕನಿಗೆ ಹೊಳೆದಿತ್ತು. ಹಳೆಯ ಖಾಲಿ ಶೀಟೊಂದನ್ನು ತೆಗೆದಿಟ್ಟಿದ್ದಳು. ಅದನ್ನೂ ಹೊಸ ಬಿಳಿ ಮಾತ್ರೆಯ ಶೀಟನ್ನೂ ಪಕ್ಕಪಕ್ಕ ಹಿಡಿದು, "ಈ ಸಣ್ಣಕ್ಷರ ಎರಡರಲ್ಲೂ ಒಂದೇ ತರ ಐತೆ ನೋಡೋ" ಅಂದಳು.

"ನೀನೇನ್ ಡಾಕ್ಟ್ರಾ? ಸುಮ್ನೆ ನುಂಗು" ಅಂದೆ.

ನುಂಗಿದಳು. ಮೂರನೇ ದಿನ ಬೆಳಿಗ್ಗೆ ನಲ್ಲಿಯ ಹತ್ತಿರ ತಲೆ ಸುತ್ತಿ ಬಿದ್ದಳು. ಹಣೆಗೆ ಐದು ಹೊಲಿಗೆ.

ಇಷ್ಟೇ ಆಗಿದ್ದರೆ ದಡ್ಡತನ ಅನ್ನಬಹುದಿತ್ತು. ಶೀಟು ನೋಡಿದ ಡಾಕ್ಟರು, ಎರಡೂ ಒಂದೇ ಔಷಧಿ, ಒಟ್ಟಿಗೆ ಯಾಕೆ ನುಂಗಿದರು ಎಂದು ಕೇಳಿದಾಗ ನನ್ನ ಬಾಯಿಂದ ಬಂದದ್ದು ಬೇರೆ: "ವಯಸ್ಸಾಯ್ತಲ್ಲ ಸಾರ್, ಮರ್ತು ಎರಡೆರಡು ನುಂಗ್ಬುಟ್ಟವ್ಳೆ." ಅಕ್ಕ ನನ್ನನ್ನೊಮ್ಮೆ ನೋಡಿ ಗೋಡೆ ಕಡೆ ತಿರುಗಿದಳು. ಇವನು ಹೇಳುವುದು ಸುಳ್ಳು ಅನ್ನಬಾರದಿತ್ತೇ ಎಂದು ಅವಳ ಮೇಲೂ ರೇಗಿಕೊಂಡೆ. ತಪ್ಪು ಮಾಡಿದವನಿಗೆ ಸಿಟ್ಟು ಎಷ್ಟು ಅನುಕೂಲದ ವಸ್ತು ನೋಡಿ, ಎಲ್ಲಿ ಬೇಕಾದರೂ ಇಡಬಹುದು, ತನ್ನ ಮೇಲೊಂದು ಬಿಟ್ಟು.

ಸುಳ್ಳು ನಮಗಿಂತ ಮೊದಲೇ ಬೀದಿಗೆ ಬಂದಿತ್ತು. ಬೀದಿಯ ಮಕ್ಕಳೆಲ್ಲರ ಜನ್ಮನಕ್ಷತ್ರ ಅಕ್ಕನಿಗೆ ಬಾಯಿಪಾಠ. ನಾಮಕರಣಕ್ಕೆ ಮೊದಲು ಹೆತ್ತವರೇ ಅವಳನ್ನು ಕೇಳಿಕೊಂಡು ಹೋಗುತ್ತಿದ್ದರು. ಅಂಥವಳನ್ನೇ ಎದುರುಮನೆಯ ಪುಟ್ಟಮ್ಮ, "ಏನಕ್ಕಾ, ಉಂಡಿದ್ದಾದ್ರೂ ಗ್ಯಾಪಕ ಇದ್ಯಾ?" ಎಂದು ನಕ್ಕಳು. ಅಕ್ಕನೂ ನಕ್ಕಳು. ಆಮೇಲೆ ಯಾರೇನು ಕೇಳಿದರೂ ಒಂದೇ ಉತ್ತರ: "ನಂಗ್ ಗೊತ್ತಾಗಲ್ಲ ಬುಡವ್ವ."

ಹೊಲಿಗೆ ಬಿಚ್ಚಿಸಲು ಹೋದ ದಿನ ಡಾಕ್ಟರು, "ಮಾತ್ರೆ ಇನ್ಮೇಲೆ ತಮ್ಮನ ಕೈಲೇ ಇರ್ಲಿ ಕಣಮ್ಮ" ಅಂದರು.

"ಆಗ್ಲಿ ಸಾರ್. ನಂಗೆ ಗ್ಯಾಪಕ ನಿಲ್ಲಕ್ಕಿಲ್ಲ" ಅಂದಳು ಅಕ್ಕ. ನನ್ನ ಮಾನ ಉಳಿಸಲು ಹಾಗಂದಳೋ, ತನಗೆ ಮರೆವು ಎಂದು ಅವಳೇ ನಂಬಿಬಿಟ್ಟಿದ್ದಳೋ ತಿಳಿಯಲಿಲ್ಲ. ಎರಡರಲ್ಲಿ ಯಾವುದಾದರೂ ಸರಿ, ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಮನೆಗೆ ಹೋಗಿ ಮೆಲ್ಲಗೆ ಹೇಳೋಣವೆಂದರೆ, ನಾಲ್ಕು ಜನರೆದುರು ಹಾಕಿದ ಹೊಲಿಗೆಯನ್ನು ಒಳಮನೆಯಲ್ಲಿ ಬಿಚ್ಚಲು ಬರುವುದಿಲ್ಲ.

"ಅವಳ ತಲೆ ಸರ್ಯಾಗೈತೆ ಸಾರ್. ಎರಡೂ ಕೊಟ್ಟೋನು ನಾನು. ಬ್ಯಾಡ ಅಂದ್ಲು, ಬೈದು ನುಂಗಿಸ್ದೆ. ಆಮೇಲೆ ಅವಳ ಮೇಲೇ ಹಾಕ್ದೆ."

ದನಿ ಜೋರಾಗಿತ್ತು. ಹೊರಗೆ ಬೆಂಚಿನ ಮೇಲೆ ಕೂತವರು ತಿರುಗಿ ನೋಡಿದರು. ನೋಡಲಿ. ಅಕ್ಕನ ಕಡೆ ತಿರುಗಿದೆ.

"ತಪ್ಪು ನಂದು ಕಣಕ್ಕ. ಕ್ಷಮಿಸ್ಬುಡು."